ಕಡಲ ಮೇಲೆ ಸುಂಟರಗಾಳಿ ಎದ್ದರೆ: ಮಂಗಳೂರು, ಉಡುಪಿ ಕರಾವಳಿಯಲ್ಲಿ ನೋಡುವ, ಫೋಟೋ ತೆಗೆಯುವ ಕ್ರಮ

ಅಮೆರಿಕದ ಕಾನ್ಸಾಸ್, ಒಕ್ಲಹೋಮ ಬಯಲಿನಲ್ಲಿ ಸುಂಟರಗಾಳಿಯ ಬೆನ್ನು ಹತ್ತಿ ಕಾರು ಓಡಿಸುವವರ ವಿಡಿಯೋ ನೋಡಿದ ಹುಡುಗರು ಕೇಳುವ ಮೊದಲ ಪ್ರಶ್ನೆ, ಇಲ್ಲಿಯೂ ಹಾಗೆ ಹೋಗಬಹುದಾ ಎಂದು. ಹೋಗಬಾರದು. ಅಲ್ಲಿಯ ನೆಲ ಸಪಾಟು, ರಸ್ತೆಗಳು ನೇರ. ಮೂವತ್ತು ಕಿಲೋಮೀಟರ್ ಆಚೆಯ ಮೋಡವೂ ಬುಡಸಮೇತ ಕಾಣುತ್ತದೆ. ನಮ್ಮಲ್ಲಿ ಮೂಡಣಕ್ಕೆ ಘಟ್ಟ, ನಡುವೆ ಗುಡ್ಡ, ತೆಂಗಿನ ತೋಟ, ತಿರುವು. ಕರಾವಳಿ ಉದ್ದಕ್ಕೆ ಓಡಲು ಇರುವುದು ಮುಖ್ಯವಾಗಿ ರಾಷ್ಟ್ರೀಯ ಹೆದ್ದಾರಿ 66. ಅದರಲ್ಲೂ ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ ಎಂದು ಸೇತುವೆ ದಾಟುತ್ತಲೇ ಇರಬೇಕು. ಮಳೆ ಜಡಿಯುವಾಗ ಆ ರಸ್ತೆಯಲ್ಲಿ ಮೋಡ ನೋಡುತ್ತ ಗಾಡಿ ಓಡಿಸುವುದು ನಿಮಗೂ ಅಪಾಯ, ಎದುರು ಬರುವವರಿಗೂ ಅಪಾಯ.

ಆದರೆ ಅವರಿಗೆ ಇಲ್ಲದ ಅನುಕೂಲ ಒಂದು ನಮಗಿದೆ. ಪಡುವಣಕ್ಕೆ ಯಾವ ಅಡ್ಡಿಯೂ ಇಲ್ಲದ ಕಡಲು. ಹಾಗಾಗಿ ಇಲ್ಲಿಯ ಕ್ರಮವೇ ಬೇರೆ: ಬೆನ್ನಟ್ಟುವುದಲ್ಲ, ಸರಿಯಾದ ಜಾಗ ನೋಡಿ ಬೆನ್ನ ಹಿಂದೆ ಆಸರೆ ಇಟ್ಟುಕೊಂಡು ಕಾಯುವುದು. ಈ ಲೇಖನ ಹಾಗೆ ಕಾಯುವವರಿಗಾಗಿ.

ಮೊದಲು, ಏನನ್ನು ಕಾಯುತ್ತಿದ್ದೀರಿ ಎಂದು ತಿಳಿಯಿರಿ

ಮನೆಗಳನ್ನು ಬುಡಸಹಿತ ಕಿತ್ತೊಗೆಯುವಂಥ ದೊಡ್ಡ ಸುಂಟರಗಾಳಿಗಳು ನಮ್ಮ ಉಪಖಂಡದಲ್ಲಿ ಹೆಚ್ಚಾಗಿ ಏಳುವುದು ಬಂಗಾಳ, ಒಡಿಶಾ, ಬಾಂಗ್ಲಾದೇಶದ ಕಡೆ. ಬಾಂಗ್ಲಾದೇಶದ ದೌಲತ್‌ಪುರ, ಸಟೂರಿಯಾದಲ್ಲಿ 1989ರ ಏಪ್ರಿಲ್ 26ರಂದು ಎದ್ದ ಸುಂಟರಗಾಳಿಗೆ ಸುಮಾರು 1,300 ಮಂದಿ ಬಲಿಯಾದರು. ಅಂಥದ್ದು ಏಳಬೇಕಾದರೆ ಕೆಳಗೆ ತೇವದ ಬಿಸಿಗಾಳಿ, ಮೇಲೆ ಒಣ ತಂಪುಗಾಳಿ ಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಜೋರಾಗಿ ಬದಲಾಗಬೇಕು. ನಮ್ಮ ಕರಾವಳಿಯಲ್ಲಿ ಇವೆಲ್ಲ ಒಟ್ಟಿಗೆ ಕೂಡಿಬರುವುದು ಅಪರೂಪ.

ಇಲ್ಲಿ ಕಾಣಸಿಗುವುದು ಸಾಮಾನ್ಯವಾಗಿ ಕಡಲ ಮೇಲಿನ ಸುಂಟರಗಾಳಿ, ಪುಸ್ತಕದ ಮಾತಿನಲ್ಲಿ ಜಲಸ್ತಂಭ. ಇದರಲ್ಲಿ ಎರಡು ಬಗೆ. ದೊಡ್ಡ ಗುಡುಗುಮೋಡದೊಳಗೆ ತಿರುಗಾಟ ಹುಟ್ಟಿ ಕೆಳಕ್ಕೆ ಇಳಿಯುವುದು ಒಂದು. ಅದು ಸುಂಟರಗಾಳಿಯೇ, ನೆಲದ ಬದಲು ನೀರಿನ ಮೇಲಿದೆ ಅಷ್ಟೆ. ಇನ್ನೊಂದು ಬಗೆ ಹುಟ್ಟುವುದು ನೀರಿನ ಮಟ್ಟದಲ್ಲಿ. ಎರಡು ದಿಕ್ಕಿನ ಗಾಳಿ ಕೂಡುವ ಗೆರೆಯಲ್ಲಿ ಸಣ್ಣ ಸುಳಿ ಏಳುತ್ತದೆ. ಅದೇ ಹೊತ್ತಿಗೆ ಮೇಲೆ ಬೆಳೆಯುತ್ತಿರುವ ಮೋಡ ಗಾಳಿಯನ್ನು ಮೇಲಕ್ಕೆಳೆದರೆ ಸುಳಿ ಉದ್ದವಾಗಿ, ಸಪೂರವಾಗಿ, ಜೋರಾಗಿ ತಿರುಗತೊಡಗುತ್ತದೆ. ಎರಡನೆಯ ಬಗೆಗೆ ಭಾರೀ ಬಿರುಗಾಳಿ ಬೇಕಿಲ್ಲ. ಗಾಳಿ ಹೆಚ್ಚಿಲ್ಲದ ದಿನವೂ ಏಳಬಹುದು. ಆಯುಷ್ಯ ಕೂಡ ಕಡಿಮೆ, ಹೆಚ್ಚಿನವು ಐದರಿಂದ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತವೆ.

ನಮಗೆ ಕಾಣುವ ಆ ಸೊಂಡಿಲು ಕಡಲಿನಿಂದ ಹೀರಿದ ನೀರಲ್ಲ. ಸುಳಿಯೊಳಗೆ ಒತ್ತಡ ಕುಸಿದು, ಗಾಳಿ ತಣಿದು, ಅದರಲ್ಲಿದ್ದ ತೇವ ಹನಿಗಟ್ಟಿ ಆದ ಮೋಡವೇ ಅದು. ಕಡಲಿನಿಂದ ಏಳುವುದು ಬುಡದ ತುಂತುರು ಮಾತ್ರ. ಫೋಟೋ ತೆಗೆಯುವವರಿಗೆ ಈ ಸಂಗತಿ ಮುಖ್ಯ. ಸೊಂಡಿಲು ಮೋಡದಿಂದ ಅರ್ಧಕ್ಕೇ ಇಳಿದು ನಿಂತಂತೆ ಕಂಡರೂ ಕಣ್ಣಿಗೆ ಕಾಣದ ಸುಳಿ ನೀರಿನವರೆಗೆ ಇರಬಹುದು. ಅದಕ್ಕೇ ಕ್ಯಾಮೆರಾ ಮೇಲಕ್ಕೆ ತಿರುಗಿಸಿದಷ್ಟೇ ಸಲ ಬುಡದ ಕಡೆಗೂ ತಿರುಗಿಸಬೇಕು.

ಯಾವಾಗ

ಮಾರ್ಚ್ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಒಂದು ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೆದುರಿನ ಅರಬ್ಬಿ ಸಮುದ್ರದ ಮೇಲ್ಮೈ 30 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಘಟ್ಟದ ನೆತ್ತಿಯಲ್ಲಿ ಮೋಡ ಏಳುತ್ತದೆ, ಮೇಲಿನ ಮೂಡುಗಾಳಿ ಅದನ್ನು ಸಂಜೆಗೆ ಕರಾವಳಿಗೆ ತಳ್ಳಿಕೊಂಡು ಬರುತ್ತದೆ. ಕಾರ್ಕಳ, ಮೂಡುಬಿದಿರೆ ಕಡೆ ಕಪ್ಪಿಟ್ಟ ಮೋಡ ಸಂಜೆ ನಾಲ್ಕರಿಂದ ಏಳರೊಳಗೆ ಕಡಲಬದಿಗೆ ಮುಟ್ಟುವುದು ಪತ್ತನಾಜೆಯ (ಮೇ ಕೊನೆಯ ವಾರದ) ಆಸುಪಾಸಿನಲ್ಲಿ ನಾವೆಲ್ಲ ಕಂಡದ್ದೇ. ಆ ಮೋಡದ ಬುಡದಿಂದ ಹೊರಡುವ ತಂಪುಗಾಳಿ ಕಡಲಗಾಳಿಗೆ ಎದುರಾಗುವ ಗೆರೆ ಇದೆಯಲ್ಲ, ಕಣ್ಣು ನೆಡಬೇಕಾದದ್ದು ಅಲ್ಲಿ.

ಜೂನ್, ಜುಲೈಯಲ್ಲಿ ಮಳೆ ಇದ್ದಷ್ಟು ಗುಡುಗು ಇರುವುದಿಲ್ಲ. ಕಡಲು ಮಂಜುಮಂಜಾಗಿ ದಿಗಂತವೇ ಕಾಣದು. ಚಿತ್ರಕ್ಕೆ ನನ್ನ ಮೆಚ್ಚಿನ ಕಾಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಗಾಳಿ ತೊಳೆದಿಟ್ಟ ಹಾಗೆ ಶುಭ್ರ, ಮೋಡಗಳು ಬಿಡಿಬಿಡಿ, ನಡುವೆ ಬಿಸಿಲು. ಇರುಳು ನೆಲದಿಂದ ಕಡಲಿಗೆ ಬೀಸುವ ಗಾಳಿಯಿಂದಾಗಿ ಬೆಳಗ್ಗೆ ಕಡಲ ಮೇಲೆ ಮೋಡದ ಸಾಲು ನಿಂತಿರುವುದೂ ಉಂಟು. ಆಗ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಸುಂಟರಗಾಳಿ ಎದ್ದರೆ ಕಪ್ಪು ಮೋಡದ ಮುಂದೆ ಬೆಳ್ಳಗೆ ಕಾಣುತ್ತದೆ. ಅದೇ ಸಂಜೆಯಾದರೆ ಬೆಳಕು ಹಿಂದಿನಿಂದ ಬಂದು ಸೊಂಡಿಲು ಕಪ್ಪು ನೆರಳಾಗುತ್ತದೆ. ಎರಡೂ ಚಂದ, ಆದರೆ ಕ್ಯಾಮೆರಾ ಹೊಂದಾಣಿಕೆ ಬೇರೆ ಬೇರೆ.

ಹೊರಡುವ ಮುನ್ನ

ಬೆಳಗ್ಗೆ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ಓದಿ. ಮಧ್ಯಾಹ್ನ ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಘಟ್ಟದ ಮೇಲೆ ಮೋಡ ಚಿಗುರುತ್ತಿದೆಯೇ ನೋಡಿ. ಮಿಂಚಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ (ಐ.ಐ.ಟಿ.ಎಂ.) ‘ದಾಮಿನಿ’, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’, ಈ ಎರಡು ಆ್ಯಪ್‌ಗಳಲ್ಲಿ ಒಂದಾದರೂ ಮೊಬೈಲಿನಲ್ಲಿ ಇರಲಿ. ಅಲೆಗಳ ಎಚ್ಚರಿಕೆಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಪ್ರಕಟಣೆ ನೋಡಬೇಕು. ಕೆಂಪು ಎಚ್ಚರಿಕೆ ಇದ್ದ ದಿನ ಕಡಲಬದಿಗೆ ಹೋಗುವ ಮಾತೇ ಬೇಡ.

ಬಜ್ಪೆ ವಿಮಾನ ನಿಲ್ದಾಣದ ಹವಾಮಾನ ವರದಿ ಓದಲು ಕಲಿತರೆ ಬಹಳ ಉಪಯೋಗ. ನಿಲ್ದಾಣದ ಗುರುತು ವಿ.ಒ.ಎಂ.ಎಲ್. ವರದಿಯಲ್ಲಿ ಮೋಡದ ಎತ್ತರದ ಪಕ್ಕ ‘ಸಿ.ಬಿ.’ ಎಂದು ಬಂದರೆ ಗುಡುಗುಮೋಡ ಕಂಡಿದೆ ಎಂದರ್ಥ, ‘ಟಿ.ಎಸ್.’ ಬಂದರೆ ಗುಡುಗು ಶುರು. ಗಾಳಿಯ ದಿಕ್ಕು ಪಡುವಣದಿಂದ ಥಟ್ಟನೆ ಮೂಡಣಕ್ಕೆ ತಿರುಗಿದ್ದು ಕಂಡರೆ ಮೋಡದ ತಂಪುಗಾಳಿ ಬಜ್ಪೆ ದಾಟಿತೆಂದು ಲೆಕ್ಕ. ಪಣಂಬೂರಿನಲ್ಲಿ ನಿಂತ ನಿಮಗೆ ಇನ್ನು ಹೆಚ್ಚು ಹೊತ್ತಿಲ್ಲ.

ರಾಡಾರ್ ಚಿತ್ರ ನೋಡಿ, ಅದನ್ನೇ ನಂಬಿ ಕೂರಬೇಡಿ. ರಾಡಾರ್ ಕಿರಣ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. ಗೋವಾದ ರಾಡಾರಿನ ಕಿರಣ ಉಡುಪಿಯ ಮೇಲೆ ಬರುವಾಗ ನೆಲದಿಂದ ಐದಾರು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಕಡಲ ಮೇಲಿನ ಸುಂಟರಗಾಳಿಯ ಆಟವೆಲ್ಲ ಅದರ ಕೆಳಗೆ. ಈ ಕಾರಣಕ್ಕೇ ದಡದಲ್ಲಿ ನಿಂತು ನೋಡಿ ದಾಖಲಿಸುವವರ ಕಣ್ಣಿಗೆ ಇಂದಿಗೂ ಬೆಲೆ.

ಎಲ್ಲಿ ನಿಲ್ಲಬೇಕು

ಜಾಗಕ್ಕೆ ಮೂರು ಗುಣ ಬೇಕು. ಪಡುವಣ, ತೆಂಕಣ, ಬಡಗಣ ಮೂರೂ ದಿಕ್ಕು ತೆರೆದಿರಬೇಕು. ಒಂದು ನಿಮಿಷದೊಳಗೆ ಕಾರಿಗೋ ಕಾಂಕ್ರೀಟ್ ಕಟ್ಟಡಕ್ಕೋ ಸೇರುವಂತಿರಬೇಕು. ಅಲ್ಲಿಂದ ಹೆದ್ದಾರಿಗೆ ಹೋಗಲು ದಾರಿ ಸಲೀಸಿರಬೇಕು.

ಪಣಂಬೂರು, ಸುರತ್ಕಲ್, ಪಡುಬಿದ್ರಿ, ಕಾಪು, ಮಲ್ಪೆ, ಮರವಂತೆ, ಎಲ್ಲೆಡೆಯೂ ನೋಟ ಚೆನ್ನ. ಮರವಂತೆಯಲ್ಲಿ ಹೆದ್ದಾರಿಯೇ ಕಡಲ ಅಂಚಿನಲ್ಲಿದೆ, ಇನ್ನೊಂದು ಬದಿ ಸೌಪರ್ಣಿಕಾ. ಕಾರಿನಿಂದ ಇಳಿಯದೆಯೇ ನೋಡಬಹುದು, ಆದರೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ. ಕಾಪುವಿನಲ್ಲಿ 1901ರ ದೀಪಸ್ತಂಭ ಇರುವ ಬಂಡೆ ಹತ್ತಿದರೆ ದಿಗಂತ ದೂರ ಸರಿಯುತ್ತದೆ. ಗುಡುಗು ಕೇಳಿದ ಮೇಲೆ ಮಾತ್ರ ಆ ಬಂಡೆಯನ್ನೂ ದೀಪಸ್ತಂಭವನ್ನೂ ಹತ್ತಬಾರದು. ಸುತ್ತಲಿನಲ್ಲೇ ಎತ್ತರದ ಜಾಗ ಅದು, ಸಿಡಿಲು ಮೊದಲು ಹುಡುಕುವುದೇ ಅಂಥದ್ದನ್ನು. ಮಲ್ಪೆಯ ಸೀವಾಕ್, ಅಳಿವೆ ಬಾಗಿಲಿನ ಕಲ್ಲಿನ ತಡೆಗೋಡೆಗಳು, ಕೋಡಿಬೆಂಗ್ರೆಯ ಮರಳಿನ ತುದಿ, ಇವು ಫೋಟೋಗೆ ಎಷ್ಟೇ ಆಸೆ ಹುಟ್ಟಿಸಲಿ, ಗಾಳಿ ಎದ್ದ ದಿನ ಬೇಡ. ಓಡಿ ಬರಲು ಒಂದೇ ದಾರಿ, ಅದೂ ಉದ್ದ.

ಸಿಡಿಲಿನ ಲೆಕ್ಕ

ಸುಂಟರಗಾಳಿ ನೋಡಲು ಹೋದವರಿಗೆ ನಮ್ಮ ಕರಾವಳಿಯಲ್ಲಿ ನಿಜವಾದ ಗಂಡಾಂತರ ಸಿಡಿಲು. ಬಯಲು ಮರಳಿನಲ್ಲಿ ನಿಂತಾಗ ಎಲ್ಲಕ್ಕಿಂತ ಎತ್ತರ ನೀವೇ, ನಿಮ್ಮ ಪಕ್ಕದಲ್ಲಿ ಲೋಹದ ಟ್ರೈಪಾಡ್ ಬೇರೆ.

ಮಿಂಚು ಕಂಡೊಡನೆ ಎಣಿಸಲು ಶುರು ಮಾಡಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಹಿಡಿಯುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿಗಿಂತ ಹತ್ತಿರ. ಆ ಕ್ಷಣವೇ ಒಳಗೆ ಹೋಗಿ. ಟ್ರೈಪಾಡ್ ಮಡಚುತ್ತ ನಿಲ್ಲಬೇಡಿ, ಅದು ಅಲ್ಲೇ ಇರಲಿ. ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಕಳೆಯದೆ ಹೊರಗೆ ಬರಬೇಡಿ. ಮಳೆ ನಿಂತು ಬಿಸಿಲು ಬಂದರೂ ಇದೇ ಲೆಕ್ಕ. ಮೋಡದಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆಗೂ ಸಿಡಿಲು ಹೊಡೆದದ್ದಿದೆ.

ಒಳಗೆ ಎಂದರೆ ಲೋಹದ ಮಾಡಿನ ಮುಚ್ಚಿದ ಕಾರು, ಇಲ್ಲವೇ ನಾಲ್ಕು ಗೋಡೆಯ ಪಕ್ಕಾ ಕಟ್ಟಡ. ಆಟೋರಿಕ್ಷಾ, ಬೈಕು, ಬೀಚಿನ ತೆರೆದ ಚಪ್ಪರ, ಗಾಳಿಮರದ ತೋಪು, ತೆಂಗಿನ ಬುಡ, ದಡಕ್ಕೆ ಎಳೆದಿಟ್ಟ ದೋಣಿಯ ಮರೆ, ಇವು ಯಾವುದೂ ಆಸರೆಯಲ್ಲ.

ಗುರುತಿಸುವುದು

ಫ್ಲೋರಿಡಾದ ದ್ವೀಪಸಾಲಿನಲ್ಲಿ ಜೋಸೆಫ್ ಗೋಲ್ಡನ್ ಎಂಬ ವಿಜ್ಞಾನಿ ವಿಮಾನದಿಂದ ಜಲಸ್ತಂಭಗಳನ್ನು ಅಧ್ಯಯನ ಮಾಡಿ ಐದು ಹಂತಗಳನ್ನು ಗುರುತಿಸಿದರು. ಮೊದಲು ನೀರಿನ ಮೇಲೆ ಕಪ್ಪು ಮಚ್ಚೆ, ಆಮೇಲೆ ಅದರ ಸುತ್ತ ಸುರುಳಿ ಪಟ್ಟೆ, ಮೂರನೆಯದಾಗಿ ತುಂತುರಿನ ಬಳೆ, ನಾಲ್ಕನೆಯದು ಪೂರ್ತಿ ಬೆಳೆದ ಸ್ತಂಭ, ಕೊನೆಗೆ ಮಳೆಯ ತಂಪುಗಾಳಿ ತಾಗಿ ಬಾಗಿ, ಹಗ್ಗದಂತೆ ಎಳೆದು, ಕಡಿದುಹೋಗುವುದು. ಮೊದಲ ಎರಡು ಹಂತ ದಡದಿಂದ ಕಾಣುವುದು ಕಷ್ಟ. ನಮಗೆ ಸಿಗುವ ಮೊದಲ ಸುಳಿವು ಮೋಡದ ಚಪ್ಪಟೆ ಬುಡದಿಂದ ಇಳಿದ ಚೂಪು, ಅಥವಾ ಅದರ ನೇರ ಕೆಳಗೆ ನೀರಿನ ಮೇಲೆ ಬಿಳಿ ಹೊಗೆಯಂಥ ತುಂತುರು. ಎರಡೂ ಒಟ್ಟಿಗೆ ಕಂಡರೆ ಅನುಮಾನ ಬೇಡ.

ಕಣ್ಣು ತಪ್ಪಿಸುವಂಥವು ಬಹಳ ಇವೆ. ದೂರದ ಮಳೆಯ ಕಂಬ ಸೊಂಡಿಲಿನಂತೆ ಕಾಣುತ್ತದೆ; ಆದರೆ ಅದರ ಅಂಚು ಮಸುಕು, ತಿರುಗಾಟ ಇಲ್ಲ. ಮೋಡದ ಬುಡದಲ್ಲಿ ನೇತಾಡುವ ಹರಿದ ಚೂರುಗಳು ಬೇಗ ಬೇಗ ರೂಪ ಬದಲಿಸುತ್ತವೆ, ಸುತ್ತುವುದಿಲ್ಲ. ಸುರತ್ಕಲ್ ಕಡೆಯ ಚಿಮಣಿಗಳ ಹೊಗೆಯೂ ಸಂಜೆ ಬೆಳಕಿನಲ್ಲಿ ಮೋಸ ಮಾಡುತ್ತದೆ. ಮಳೆಗೆ ಮುಂಚೆ ಇಡೀ ಆಕಾಶಕ್ಕೆ ಅಡ್ಡಲಾಗಿ ಉರುಳಿ ಬರುವ ಕಪ್ಪು ಮೋಡದ ಅಟ್ಟ ನೋಡಲು ಭಯಂಕರ. ಅದು ಸುಂಟರಗಾಳಿಯಲ್ಲ, ತಂಪುಗಾಳಿಯ ಮುಂಚೂಣಿ. ಅದರ ಗಾಳಿಗೂ ಹೆಂಚು ಹಾರುತ್ತದೆ, ಆ ಎಚ್ಚರ ಇರಲಿ. ಎಲ್ಲಕ್ಕೂ ಪರೀಕ್ಷೆ ಒಂದೇ: ಅರ್ಧ ನಿಮಿಷ ರೆಪ್ಪೆ ಮಿಟುಕಿಸದೆ ಒಂದೇ ಜಾಗ ನೋಡಿ. ತಿರುಗುತ್ತಿದೆಯೇ?

ದೂರ ಅಳೆಯುವ ಉಪಾಯ

ಇದು ನನಗೆ ಬಹಳ ಇಷ್ಟದ ಭಾಗ, ಯಾಕೆಂದರೆ ಯಾವ ಯಂತ್ರವೂ ಬೇಕಿಲ್ಲ. ಕಣ್ಣು ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ನೀರಿನಂಚಿನಲ್ಲಿ ನಿಂತ ಆಳಿನ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 4.5 ಕಿಲೋಮೀಟರ್. ಹತ್ತು ಮೀಟರ್ ಎತ್ತರದ ಬಂಡೆಯ ಮೇಲಿಂದಾದರೆ 11 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು.

ಈಗ ಸ್ತಂಭದ ಬುಡ ನೋಡಿ. ತುಂತುರು ದಿಗಂತದ ಗೆರೆಯ ಈಚೆಗೆ, ನೀರಿನ ಮೇಲೆಯೇ ಕಾಣುತ್ತಿದೆಯೇ? ಹಾಗಾದರೆ ಮರಳಿನಲ್ಲಿ ನಿಂತ ನಿಮಗೂ ಅದಕ್ಕೂ ನಡುವೆ ಐದು ಕಿಲೋಮೀಟರ್ ಕೂಡ ಇಲ್ಲ, ಸಾಮಾನು ಕಟ್ಟಿ. ಬುಡ ಗೆರೆಯ ಹಿಂದೆ ಮುಳುಗಿ ಸೊಂಡಿಲು ಮಾತ್ರ ಕಾಣುತ್ತಿದ್ದರೆ ಅದು ದೂರದಲ್ಲಿದೆ, ಸಮಾಧಾನದಿಂದ ಚಿತ್ರ ತೆಗೆಯಬಹುದು.

ಅಗಲಕ್ಕೆ ಕಿರುಬೆರಳು ಸಾಕು. ಕೈ ನೀಡಿ ಹಿಡಿದಾಗ ಕಿರುಬೆರಳು ಸುಮಾರು ಒಂದು ಡಿಗ್ರಿ ಮುಚ್ಚುತ್ತದೆ. ಐದು ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿ ಎಂದರೆ 90 ಮೀಟರಿನಷ್ಟು.

ಚಲನೆಗೆ ಸ್ಥಿರವಾದ ಗುರುತು ಬೇಕು: ಲಂಗರು ಹಾಕಿದ ಹಡಗು, ದೀಪಸ್ತಂಭ, ತೆಂಗಿನ ಮರ. ಸ್ತಂಭ ಅದರ ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ನಿಮ್ಮನ್ನು ದಾಟಿ ಹೋಗುತ್ತದೆ. ಸರಿಯದೆ, ನಿಂತಲ್ಲೇ ದಪ್ಪವಾಗುತ್ತಿದ್ದರೆ ನಿಮ್ಮ ಕಡೆಗೇ ಬರುತ್ತಿದೆ.

ಕ್ಯಾಮೆರಾ

ಸುಂಟರಗಾಳಿಯ ಫೋಟೋ ಎಂದು ದಾಖಲಾದ ಅತಿ ಹಳೆಯದನ್ನು ಕಾನ್ಸಾಸಿನ ಗಾರ್ನೆಟ್‌ನಲ್ಲಿ ತೆಗೆದದ್ದು 1884ರ ಏಪ್ರಿಲ್ 26ರಂದು, ಪೆಟ್ಟಿಗೆ ಕ್ಯಾಮೆರಾದಲ್ಲಿ. ಆ ಸುಂಟರಗಾಳಿ ನಿಧಾನವಾಗಿ ಸರಿಯುತ್ತಿದ್ದುದರಿಂದ ಸಾಧ್ಯವಾಯಿತು. ಇಂದು ನಮ್ಮ ಕೈಯಲ್ಲಿರುವ ಮೊಬೈಲು ಅದಕ್ಕಿಂತ ಎಷ್ಟೋ ಮೇಲು. ಕೈ ನಡುಗದಿರುವುದೊಂದೇ ಕೆಲಸ.

ಹಗಲು ಬೆಳಕಿದ್ದರೆ ಅಪರ್ಚರ್ ಎಫ್/5.6ರಿಂದ ಎಫ್/8, ಷಟರ್ ಸೆಕೆಂಡಿನ 500ನೇ ಒಂದು ಭಾಗ ಅಥವಾ ಇನ್ನೂ ವೇಗ, ಐ.ಎಸ್.ಒ. 400ರ ಸುತ್ತ. ಸಂಜೆಗತ್ತಲಿಗೆ ಐ.ಎಸ್.ಒ. 1600ರವರೆಗೆ ಏರಿಸಿ, ಷಟರನ್ನು 125ನೇ ಒಂದು ಭಾಗಕ್ಕಿಂತ ನಿಧಾನ ಮಾಡಬೇಡಿ; ಸುತ್ತುವ ತುಂತುರು ಕಲಸಿಹೋಗುತ್ತದೆ. ಕಪ್ಪು ಮೋಡ ತುಂಬಿದ ಚೌಕಟ್ಟನ್ನು ಕ್ಯಾಮೆರಾ ತಾನಾಗಿ ಬೆಳ್ಳಗೆ ಮಾಡಿಬಿಡುತ್ತದೆ, ಆಗ ಬಿಳಿ ಸೊಂಡಿಲಿನ ಅಂಚೇ ಅಳಿಸುತ್ತದೆ. ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿ, ರಾ ಫೈಲಿನಲ್ಲಿ ತೆಗೆಯಿರಿ. ಫೋಕಸ್ ಮೋಡದ ಮೇಲೆ ಹುಡುಕಾಡುತ್ತದೆ. ದಿಗಂತದ ಗೆರೆಗೋ ದೂರದ ಬೋಟಿಗೋ ಹಿಡಿಸಿ ಮ್ಯಾನುವಲ್‌ಗೆ ತಿರುಗಿಸಿ.

ಲೆನ್ಸ್ ಎರಡು ಸಾಕು, ಆದರೆ ಮೊದಲು ಅಗಲದ್ದು. ಮೋಡದ ಬುಡ, ಸೊಂಡಿಲು, ನೀರು, ದಡದ ಒಂದು ಗುರುತು ಎಲ್ಲ ಸೇರಿದ ಚಿತ್ರಕ್ಕೆ ಇರುವ ಬೆಲೆ ಬರೀ ಸೊಂಡಿಲಿನ ಹತ್ತಿರದ ಚಿತ್ರಕ್ಕೆ ಇಲ್ಲ. ಅದು ಸಿಕ್ಕಿದ ಮೇಲೆ 200 ಮಿ.ಮೀ. ಲೆನ್ಸಿನಲ್ಲಿ ಬುಡದ ತುಂತುರು ಹಿಡಿಯಿರಿ. ಮರಳುಗಾಳಿಯಲ್ಲಿ ಲೆನ್ಸ್ ಬದಲಿಸಬೇಡಿ, ಕಾರಿನೊಳಗೆ ಕುಳಿತು ಬದಲಿಸಿ.

ಕಡಲಗಾಳಿಯ ಉಪ್ಪು ಹತ್ತು ನಿಮಿಷದಲ್ಲೇ ಗಾಜಿನ ಮೇಲೆ ಪೊರೆ ಕಟ್ಟುತ್ತದೆ. ಒಣ ಬಟ್ಟೆಯಿಂದ ತಿಕ್ಕಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಊದುವ ರಬ್ಬರ್ ಬುಗ್ಗೆಯಿಂದ ಊದಿ, ಆಮೇಲೆ ಸ್ವಚ್ಛ ನೀರಿನಲ್ಲಿ ನೆನೆಸಿ ಹಿಂಡಿದ ಮೆತ್ತನೆ ಬಟ್ಟೆ, ಕೊನೆಗೆ ಒಣ ಬಟ್ಟೆ. ಕಾರಿನಲ್ಲಿ ಎ.ಸಿ. ಹಾಕಿದ್ದರೆ ಹೊರಗೆ ತೆಗೆದ ಲೆನ್ಸಿಗೆ ಕೂಡಲೇ ಮಂಜು ಹಿಡಿಯುತ್ತದೆ. ಜಾಗ ಮುಟ್ಟುವ ಕಾಲು ಗಂಟೆ ಮುಂಚೆಯೇ ಎ.ಸಿ. ಆರಿಸಿ ಕಿಟಕಿ ತೆರೆದಿಡಿ.

ಮೊಬೈಲಿನಲ್ಲಾದರೆ ಅಡ್ಡಲಾಗಿ ಹಿಡಿಯಿರಿ. ದಿಗಂತದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಎಳೆದು ದೊಡ್ಡದು ಮಾಡುವ ಡಿಜಿಟಲ್ ಜೂಮ್ ಬೇಡ. ವಿಡಿಯೋ ಶುರು ಮಾಡಿದ ಮೇಲೆ ಕನಿಷ್ಠ ಒಂದು ನಿಮಿಷ ಅಲುಗಾಡಿಸದೆ, ಕಡಿಯದೆ ಹಿಡಿಯಿರಿ. ಸುತ್ತುವ ದಿಕ್ಕು, ವೇಗ ಗೊತ್ತಾಗುವುದು ಅದರಿಂದ ಮಾತ್ರ. ಸಮಯ ಮತ್ತು ನೀವು ನೋಡುತ್ತಿರುವ ದಿಕ್ಕನ್ನು ಬಾಯಲ್ಲಿ ಹೇಳಿ, ಧ್ವನಿಯಲ್ಲಿ ದಾಖಲಾಗುತ್ತದೆ.

ದಡಕ್ಕೆ ಬಂದರೆ

ನೀರಿನ ಮಟ್ಟದಲ್ಲಿ ಹುಟ್ಟಿದ ಸ್ತಂಭಗಳು ದಡ ಏರಿದೊಡನೆ ಸಾಮಾನ್ಯವಾಗಿ ಸೊರಗುತ್ತವೆ. ಆದರೂ ಮಾಡಿನ ಶೀಟು, ಹೆಂಚು, ಬೀಚಿನ ಅಂಗಡಿಯ ಟಾರ್ಪಾಲು ಹಾರಿಸುವಷ್ಟು ಬಲ ಉಳಿದಿರುತ್ತದೆ. ಗುಡುಗುಮೋಡದಿಂದ ಇಳಿದದ್ದಾದರೆ ಹೇಳಲಾಗದು. ಅದು ಬರುವ ದಾರಿಗೆ ಅಡ್ಡಲಾಗಿ, ಲಂಬವಾಗಿ ದೂರ ಸರಿಯಿರಿ. ಅದರ ಮುಂದೆಯೇ ಓಡಬೇಡಿ. ಹೊತ್ತಿಲ್ಲದಿದ್ದರೆ ಪಕ್ಕಾ ಕಟ್ಟಡದ ಕೆಳ ಅಂತಸ್ತಿನಲ್ಲಿ, ಕಿಟಕಿ ಇಲ್ಲದ ಒಳಕೋಣೆಯಲ್ಲಿ ತಲೆ ಮುಚ್ಚಿಕೊಂಡು ಕುಳಿತುಕೊಳ್ಳಿ. ದೋಣಿ ಹತ್ತಿ ಹತ್ತಿರ ಹೋಗುವ ಯೋಚನೆಯನ್ನು ಯಾರಾದರೂ ಎತ್ತಿದರೆ ಖಂಡಿತ ಬೇಡವೆನ್ನಿ.

2013ರ ಮೇ 31ರಂದು ಒಕ್ಲಹೋಮದ ಎಲ್ ರೀನೋದಲ್ಲಿ ಸುಮಾರು 4.2 ಕಿಲೋಮೀಟರ್ ಅಗಲದ ಸುಂಟರಗಾಳಿ ಥಟ್ಟನೆ ದಿಕ್ಕು, ವೇಗ ಬದಲಿಸಿತು. ಸುಂಟರಗಾಳಿಗಳನ್ನು ಬೆನ್ನಟ್ಟಿ ಅಧ್ಯಯನ ಮಾಡುತ್ತಿದ್ದ ಟಿಮ್ ಸಮರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಕಾರಿನೊಂದಿಗೇ ಅದರೊಳಗೆ ಸಿಕ್ಕಿ ತೀರಿಕೊಂಡರು. ಸಮರಸ್ ಆ ಕ್ಷೇತ್ರದಲ್ಲಿ ಅತ್ಯಂತ ಎಚ್ಚರಿಕೆಯ ಮನುಷ್ಯ ಎಂದೇ ಹೆಸರಾಗಿದ್ದವರು. 2003ರಲ್ಲಿ ದಕ್ಷಿಣ ಡಕೋಟದಲ್ಲಿ ಅವರು ದಾರಿಯಲ್ಲಿಟ್ಟ ಉಪಕರಣ ಸುಂಟರಗಾಳಿಯೊಳಗೆ 100 ಮಿಲಿಬಾರ್ ಒತ್ತಡ ಕುಸಿದದ್ದನ್ನು ದಾಖಲಿಸಿತ್ತು. ಅಂಥವರಿಗೇ ಹಾಗಾಯಿತು.

ಆದ ಮೇಲೆ

ಕಡಲಲ್ಲಿ ಬೋಟು ಅದರ ದಾರಿಯಲ್ಲಿ ಕಂಡರೆ ಫೋಟೋ ಬಿಟ್ಟು ಮೊದಲು ಕರಾವಳಿ ಕಾವಲು ಪೊಲೀಸರ 1093ಕ್ಕೋ ಕೋಸ್ಟ್ ಗಾರ್ಡಿನ 1554ಕ್ಕೋ ಕರೆ ಮಾಡಿ. ದಡದಲ್ಲಿ ಹಾನಿಯಾಗಿದ್ದರೆ 112, ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077.

ಮೂಲ ಫೈಲನ್ನು ಹಾಗೆಯೇ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದರೆ ಸಮಯ, ಸ್ಥಳದ ಮಾಹಿತಿ ಅಳಿದು, ಗುಣವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಎಲ್ಲಿಯದೋ ಹಳೆಯ ವಿಡಿಯೋ ಮಲ್ಪೆಯದು, ಉಳ್ಳಾಲದ್ದು ಎಂದು ಮಳೆಗಾಲದಲ್ಲಿ ಸುತ್ತಾಡಿ ಮೀನುಗಾರರ ಮನೆಯವರನ್ನು ಕಂಗೆಡಿಸುವುದುಂಟು. ನಿಮ್ಮದರ ಜೊತೆ ನಿಂತ ಜಾಗ, ದಿಕ್ಕು, ಶುರುವಾದ ಮತ್ತು ಮುಗಿದ ಸಮಯ ಬರೆದಿದ್ದರೆ ಯಾರೂ ಅದನ್ನು ಬೇರೆ ಊರಿನದು ಮಾಡಲಾರರು. ಹವಾಮಾನ ಇಲಾಖೆಗೂ ಇದೇ ವಿವರದೊಂದಿಗೆ ಕಳಿಸಿ.

ಮರುದಿನ ಬೆಳಗ್ಗೆ ಧಕ್ಕೆಗೆ (ಮೀನುಗಾರಿಕೆ ಬಂದರಿಗೆ) ಹೋಗಿ. ಮೀನು ಇಳಿಸುವ ಗಡಿಬಿಡಿ ಮುಗಿಯಲಿ, ಆಮೇಲೆ ಬೋಟು ನಡೆಸುವ ತಾಂಡೇಲರಲ್ಲಿ ಕೇಳಿ: “ಅಣ್ಣ, ನಿನ್ನೆಯ ಸುಂಟರಗಾಳಿ ನಿಮಗೆ ಎಷ್ಟು ಮಾರು ನೀರಲ್ಲಿ ಸಿಕ್ಕಿತು, ಗಾಳಿ ಮೂಡಣದ್ದೋ ಪಡುವಣದ್ದೋ?” ಬೋಟಿನ ಜಿ.ಪಿ.ಎಸ್.ನಲ್ಲಿ ಅವರಿದ್ದ ಜಾಗ ಇರುತ್ತದೆ, ಅಲ್ಲಿಂದ ಅದು ಯಾವ ದಿಕ್ಕಿಗೆ ಕಂಡಿತೆಂದೂ ಕೇಳಿ. ಅವರ ದಿಕ್ಕಿನ ಗೆರೆಯನ್ನೂ ನಿಮ್ಮ ದಿಕ್ಕಿನ ಗೆರೆಯನ್ನೂ ನಕ್ಷೆಯ ಮೇಲೆ ಎಳೆದು, ಎರಡು ಗೆರೆ ಕೂಡುವಲ್ಲಿ ಗುರುತು ಹಾಕಿ, ಫೈಲಿನ ಜೊತೆಗೇ ಇಡಿ.